ಮಾಜಿ ಸೈನಿಕರೂ ನಮ್ಮ ಪಂಚಾಯತುಗಳೂ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಸೈನಿಕರ ವಿಷಯವಾಗಿ ಒಂದೆರಡು ಮಾತು ಹೇಳಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿದ್ದಾರೆ. ಯುದ್ಧದ ಕಥೆಗಳನ್ನು ಕೇಳಬಹುದೆಂದು ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ಎದುರುನೋಡುತ್ತಿರುವರೇನೋ. ಅವರಿಗೆ ತುಸು ನಿರಾಶೆಯಾದೀತು. ನಾವು ಹೇಳಹೊರಟಿರುವುದು ರಣರಂಗದ ವೃತ್ತಾಂತವನ್ನಲ್ಲ. ಸೇವೆಯ ಅವಧಿ ಮುಗಿದು, ತನ್ನ ಕಬ್ಬಿಣದ ಪೆಟ್ಟಿಗೆಯೊಡನೆ ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ರೈಲಿನಿಂದಿಳಿದು ಮನೆಗೆ ಬಂದವನ ಮುಂದಿನ ದಿನಗಳ ಸಂಗತಿಯಿದು. ಆತನಿಗೆ, ಆತನು ತೀರಿಹೋದ ಮೇಲೆ ಆತನ ಮಡದಿಗೆ, ಊರ ಆಡಳಿತದಿಂದ ಏನು ಸಲ್ಲಬೇಕಾಗಿದೆ, ಅದು ಸಲ್ಲದೆ ಉಳಿಯುವುದು ಯಾತರಿಂದ ಎಂಬುದನ್ನು ತಮ್ಮ ಮುಂದಿಡುವುದಷ್ಟೇ ನಮ್ಮ ಉದ್ದೇಶ.

ನಮ್ಮ ಸಂವಿಧಾನದಲ್ಲಿ ದೇಶರಕ್ಷಣೆಯು ಕೇಂದ್ರಕ್ಕೆ ಸೇರಿದ ವಿಷಯ. ಸೈನಿಕನನ್ನು ಸೇರಿಸಿಕೊಳ್ಳುವುದು, ಸಂಬಳ ಕೊಡುವುದು, ವಿಶ್ರಾಂತಿ ವೇತನವನ್ನು ನಿಗದಿ ಮಾಡುವುದು, ಎಲ್ಲವೂ ದಿಲ್ಲಿಯ ಕೆಲಸ. ಆದರೆ ಸಮವಸ್ತ್ರವನ್ನು ಕಳಚಿಟ್ಟ ಮರುದಿನದಿಂದ ಆತನು ಪೈವಳಿಕೆಯವನು, ಎಣ್ಮಕಜೆಯವನು, ಬೆಳ್ಳೂರಿನವನು. ಆತನ ಮನೆಗೆ ನಂಬರು ಹಾಕುವುದು ಪಂಚಾಯತು. ದಾರಿ ಕೆಟ್ಟರೆ ಕೇಳಬೇಕಾದುದು ಪಂಚಾಯತನ್ನು. ಹಾಸಿಗೆ ಹಿಡಿದರೆ ಮನೆಬಾಗಿಲಿಗೆ ಬಂದು ನೋಡುವ ದಾದಿಯನ್ನು ಕಳುಹಿಸುವುದೂ, ಮಡಿದರೆ ಮರಣವನ್ನು ದಾಖಲು ಮಾಡುವುದೂ ಪಂಚಾಯತೇ. ಹೀಗಿರುವಲ್ಲಿ ಮಾಜಿ ಸೈನಿಕನ ಯೋಗಕ್ಷೇಮವು ದೂರದ ದಿಲ್ಲಿಗಷ್ಟೇ ಸೇರಿದ್ದೆಂದು ಊರವರು ಕೈತೊಳೆದುಕೊಳ್ಳುವಂತಿಲ್ಲ.

ಈ ತತ್ತ್ವವೇನೂ ಹೊಸತಲ್ಲ. ಕನ್ನಡ ನಾಡಿನ ವೀರಗಲ್ಲುಗಳನ್ನು ಬಲ್ಲವರಿಗೆ ‘ನೆತ್ತರುಗೊಡಗೆ’ ಎಂಬ ಮಾತು ಪರಿಚಿತವೇ. ಊರಿಗಾಗಿ, ತುರುಗಳಿಗಾಗಿ ಕಾದಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ಆ ಹೆಸರು. ಬೆಂಗಳೂರಿನ ಸಮೀಪದ ಬೇಗೂರಿನಲ್ಲಿ ದೊರೆತ, ಗಂಗರ ಕಾಲದ ಪ್ರಸಿದ್ಧ ವೀರಗಲ್ಲು ಯುದ್ಧದಲ್ಲಿ ಬಿದ್ದ ನಾಗತ್ತರನನ್ನು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಮೇಲೆ ಕೊಟ್ಟ ಹಳ್ಳಿಗಳನ್ನೂ ಹೆಸರಿಡಿದು ಹೇಳುತ್ತದೆ. ಕಲ್ಲು ನಿಲ್ಲಿಸುವುದು ಗೌರವ. ಭೂಮಿ ಬಿಡುವುದು ಅನ್ನ. ನಮ್ಮ ಹಿರಿಯರು ಎರಡನ್ನೂ ಒಂದೇ ಕಲ್ಲಿನಲ್ಲಿ ಬರೆಸುತ್ತಿದ್ದರು. ಈಗಿನ ಸಭೆಗಳಲ್ಲಿ ಶಾಲು ಹೊದಿಸುವುದು ಸಾಕಷ್ಟು ನಡೆಯುತ್ತಿದೆ; ಶಾಲಿನ ವಿಷಯವಾಗಿ ನಮ್ಮ ತಕರಾರೇನೂ ಇಲ್ಲ, ಅನ್ನದ ಲೆಕ್ಕವನ್ನು ಮಾತ್ರ ನೋಡಬೇಕಾಗಿದೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಸೈನ್ಯಕ್ಕೆ ಜನರನ್ನು ಸೇರಿಸುವುದಕ್ಕಾಗಿ ಒಂದು ಮಂಡಲಿ ಹುಟ್ಟಿತು. ಅದೇ 1919ರಲ್ಲಿ ಭಾರತೀಯ ಸೈನಿಕ ಮಂಡಲಿಯಾಗಿ, 1975ರಿಂದೀಚೆಗೆ ಕೇಂದ್ರೀಯ ಸೈನಿಕ ಮಂಡಲಿಯೆಂಬ ಹೆಸರಿನಿಂದ ನಡೆದುಬಂದಿದೆ. ಅದರ ಕೈಯೇ ಜಿಲ್ಲೆಗಳಿಗೂ ಚಾಚಿದೆ. ನಮ್ಮಲ್ಲಿ ಕಾಸರಗೋಡಿನ ಜಿಲ್ಲಾ ಸೈನಿಕ ಕ್ಷೇಮ ಕಛೇರಿಯೆಂದರೆ ಇದೇ. ಇಲ್ಲಿಂದ ದೊರೆಯುವ ನೆರವುಗಳಲ್ಲಿ ಒಂದನ್ನು ವಿಶೇಷವಾಗಿ ಹೇಳಬೇಕು. ಹದಿನೈದು ವರುಷ ಸೇವೆ ಪೂರೈಸದೆ ಹಿಂದಿರುಗಿದ ಸಾಮಾನ್ಯ ಸಿಪಾಯಿಗೆ ಸಾಧಾರಣವಾಗಿ ಪಿಂಚಣಿಯಿಲ್ಲ. ಅಂಥವನು, ಅಥವಾ ಅಂಥವನ ವಿಧವೆ, 65 ವರುಷ ದಾಟಿ ಗತಿಯಿಲ್ಲದೆ ಇದ್ದರೆ, ಹವಾಲ್ದಾರ ಪದವಿಯವರೆಗಿನವರಿಗೆ ತಿಂಗಳಿಗಿಷ್ಟೆಂದು ಕೇಂದ್ರದ ಸಹಾಯಧನವಿದೆ. 4,000 ರೂಪಾಯಿಯಿದ್ದ ಅದನ್ನು 2025ರ ನವೆಂಬರ್ 1ರಿಂದ 8,000 ರೂಪಾಯಿಗೆ ಏರಿಸಲಾಯಿತು. ಹೆಣ್ಣುಮಕ್ಕಳ ಮದುವೆಗೆ, ಮಕ್ಕಳ ವಿದ್ಯಾಭ್ಯಾಸಕ್ಕೆ ಕೊಡುವ ನೆರವುಗಳೂ ಅದೇ ದಿನದಿಂದ ಇಮ್ಮಡಿಯಾದುವು. ಡಿಸೆಂಬರ್ 7ರಂದು ನಮ್ಮ ಮಕ್ಕಳು ಎದೆಗೆ ಚುಚ್ಚಿಕೊಳ್ಳುವ ಪುಟ್ಟ ಧ್ವಜದ ಹಣವು, 1949ರಿಂದ ಹೀಗೆ ಕೂಡಿಬಂದ ನಿಧಿಯು, ಇಂತಹ ಕೆಲಸಕ್ಕೇ ಸಲ್ಲುತ್ತದೆ. ಧ್ವಜದ ಡಬ್ಬಿಗೆ ಹತ್ತು ರೂಪಾಯಿ ಹಾಕಿದವನ ನೆರೆಮನೆಯಲ್ಲೇ ಆ ನೆರವಿಗೆ ಅರ್ಹಳಾದ ಅಜ್ಜಿಯೊಬ್ಬಳಿದ್ದು, ಅದರ ಸುದ್ದಿಯೇ ಆಕೆಗೆ ಮುಟ್ಟದಿರುವುದು ಅಸಂಭವವಲ್ಲ.

ಇನ್ನು ಊರ ಆಡಳಿತ. ನಮ್ಮ ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳು, 6 ಬ್ಲಾಕು ಪಂಚಾಯತುಗಳು, ಕಾಸರಗೋಡು, ಕಾಞಂಗಾಡು, ನೀಲೇಶ್ವರ ಎಂಬ 3 ನಗರಸಭೆಗಳು ಇವೆ. 1994ರ ಕೇರಳ ಪಂಚಾಯತ್ ರಾಜ್ ಕಾನೂನು ಮತ್ತು ಅದೇ ವರುಷದ ಪುರಸಭಾ ಕಾನೂನುಗಳ ಮೇರೆಗೆ ಇವು ಕಟ್ಟಡ ತೆರಿಗೆಯನ್ನು ವಸೂಲು ಮಾಡುತ್ತವೆ. ಮಾಜಿ ಸೈನಿಕನಾಗಲಿ ಆತನ ಪತ್ನಿಯಾಗಲಿ ವಿಧವೆಯಾಗಲಿ ಸ್ವಂತಕ್ಕೆ ವಾಸವಾಗಿರುವ ಮನೆಗೆ ಈ ತೆರಿಗೆಯಿಂದ ಸರಕಾರ ವಿನಾಯಿತಿಯನ್ನು ಕೊಟ್ಟಿದೆ. ನಿಬಂಧನೆಗಳು ಕಾಲಕಾಲಕ್ಕೆ ಬದಲಾಗುವುದರಿಂದ ಚಾಲ್ತಿಯಲ್ಲಿರುವ ಆಜ್ಞೆ ಯಾವುದೆಂದು ಕಛೇರಿಯಲ್ಲಿ ಕೇಳಿಕೊಳ್ಳುವುದು ಒಳಿತು. ಗಡಿಯಾಚೆಯ ಕರ್ನಾಟಕದ ನಗರಗಳಲ್ಲಿ ಇಂತಹ ಮನೆಗೆ ಆಸ್ತಿ ತೆರಿಗೆಯ ಅರ್ಧಾಂಶವನ್ನು ಬಿಡುವ ಕ್ರಮವಿದೆ. ತೆರಿಗೆಯ ಮೊತ್ತ ಸಣ್ಣದೆಂದು ಯಾರೂ ನಗಬಾರದು. ಸೈನ್ಯದಲ್ಲಿದ್ದವನ ಮನೆಯೆಂದು ಊರ ಪುಸ್ತಕದಲ್ಲಿ ಒಂದು ಕಡೆ ಬರೆದಿಟ್ಟ ಹಾಗಾಗುತ್ತದೆ. ಮುಂದಿನ ನೆರವುಗಳಿಗೆ ಅದೇ ಗುರುತಾಗಿ ಉಪಯೋಗಕ್ಕೆ ಬರುತ್ತದೆ.

ತೆರಿಗೆಯ ಹೊರತಾಗಿ, ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಮಾಡುವ ಅಧಿಕಾರವು ಕೇರಳದಲ್ಲಿ 1996ರ ಜನಕೀಯ ಯೋಜನೆಯಿಂದ ಈಚೆಗೆ ಬಹಳ ಬಲವುಳ್ಳದ್ದಾಗಿದೆ. ಮನೆ ರಿಪೇರಿಗಾಗಲಿ, ಕುಡಿಯುವ ನೀರಿಗಾಗಲಿ, ಹಾಸಿಗೆ ಹಿಡಿದವರ ಶುಶ್ರೂಷೆಗಾಗಲಿ ಹೆಸರು ಬರಬೇಕಾದುದು ಅಲ್ಲಿಂದ. ನಮ್ಮ ಮಾಜಿ ಸೈನಿಕರು ಗ್ರಾಮಸಭೆಗೆ ಹೋಗುವುದು ಕಡಿಮೆ. ಹೋದರೂ ಹಿಂದಿನ ಬೆಂಚಿನಲ್ಲಿ ನೆಟ್ಟಗೆ ಕುಳಿತು, ಕೈಯೆತ್ತಿ ಕೇಳುವುದು ಶಿಸ್ತಿಗೆ ಕುಂದೆಂದು ಭಾವಿಸುತ್ತಾರೆ. ಆಜ್ಞೆಯನ್ನು ಪಾಲಿಸಿ ಬಾಳಿದವರಿಗೆ ಬೇಡುವುದು ಕಷ್ಟ. ಈ ಮನೋಧರ್ಮವನ್ನು ಗೌರವಿಸುತ್ತಲೇ, ಅವರ ಪರವಾಗಿ ಕೇಳುವವರು ಬೇರೆ ಇರಬೇಕೆಂದು ನಮ್ಮ ಅಭಿಪ್ರಾಯ.

ಹೊರದೇಶಗಳಲ್ಲಿ ಈ ವಿಚಾರವನ್ನು ನಗರಗಳು ಈಗ ಕಾನೂನಿನಲ್ಲೇ ಕಟ್ಟಿಹಾಕುತ್ತಿವೆ. ನ್ಯೂಯಾರ್ಕ್ ನಗರವು 2015ರಲ್ಲಿ ಒಂದು ಸ್ಥಳೀಯ ಕಾನೂನು ಮಾಡಿ ಮಾಜಿ ಸೈನಿಕರಿಗೆಂದೇ ನಗರಾಡಳಿತದ ಪ್ರತ್ಯೇಕ ಇಲಾಖೆಯನ್ನು ಸ್ಥಾಪಿಸಿತು. ಬ್ರಿಟನ್ನಿನ 2021ರ ಕಾನೂನಿನಂತೆ, 2022ರ ನವೆಂಬರಿನಿಂದ, ಅಲ್ಲಿಯ ಸ್ಥಳೀಯ ಸಂಸ್ಥೆಗಳು ವಸತಿ, ಶಿಕ್ಷಣ, ಆರೋಗ್ಯಗಳ ವಿಷಯದಲ್ಲಿ ಸೈನಿಕ ಕುಟುಂಬಗಳ ವಿಶೇಷ ತೊಂದರೆಗಳನ್ನು ಲಕ್ಷ್ಯದಲ್ಲಿಡಲೇಬೇಕು. ಅವರ ಸಂಪತ್ತು ನಮಗಿಲ್ಲ, ನಿಜ. ಆದರೆ ಅರ್ಜಿಯನ್ನು ಓದಿಸಿ ಹೇಳುವುದಕ್ಕೆ ಸಂಪತ್ತು ಬೇಕಾಗಿಲ್ಲ.

ಈ ಅರ್ಜಿಯ ಮಾತಿಗೇ ನಾವು ಬರಬೇಕೆಂದಿದ್ದೆವು. ಮೇಲೆ ಹೇಳಿದ ಸವಲತ್ತುಗಳಲ್ಲಿ ಯಾವುದೂ ತಾನಾಗಿ ಮನೆಗೆ ನಡೆದು ಬರುವುದಿಲ್ಲ, ಕೇಳಿದವನಿಗುಂಟು, ಕೇಳದವನಿಗಿಲ್ಲ. ಕೇಳುವುದು ನಮ್ಮ ಮೂಲೆಯಲ್ಲಿ ಉಳಿದೆಡೆಗಿಂತ ಕಷ್ಟವಾಗಿರುವುದೇಕೆ ಎಂಬುದನ್ನು ಸ್ವಲ್ಪ ವಿಸ್ತರಿಸುವುದಕ್ಕೆ ಅನುಮತಿ ಬೇಡುತ್ತೇವೆ.

ಮಂಜೇಶ್ವರದ ಕಡೆಯ ಒಬ್ಬ ತರುಣನು 1955ರಲ್ಲಿ ಸೈನ್ಯಕ್ಕೆ ಸೇರಿದನೆಂದು ಭಾವಿಸೋಣ. ದಾಖಲೆಯಲ್ಲಿ ಆತನ ವಿಳಾಸ ಮದರಾಸು ರಾಜ್ಯ, ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು. 1956ರ ನವೆಂಬರ್ 1ರಂದು ರಾಜ್ಯ ಕೇರಳವಾಯಿತು; 1957ರಲ್ಲಿ ಜಿಲ್ಲೆ ಕಣ್ಣೂರಾಯಿತು; 1984ರ ಮೇ 24ರಂದು ಜಿಲ್ಲೆಯೇ ಕಾಸರಗೋಡಾಯಿತು; 2014ರಲ್ಲಿ ತಾಲೂಕು ಮಂಜೇಶ್ವರವಾಯಿತು. ಮನೆ ಮಾತ್ರ ಇದ್ದಲ್ಲಿಂದ ಒಂದಂಗುಲವೂ ಕದಲಲಿಲ್ಲ. ಆತನ ವಿಧವೆಯು ಈಗ ಕುಟುಂಬ ಪಿಂಚಣಿಗೆಂದು ಬೆಂಗಳೂರಿಗೋ ನೀಲಗಿರಿಯ ವೆಲ್ಲಿಂಗ್ಟನ್ನಿಗೋ ಬರೆದರೆ, ಅಲ್ಲಿಯ ದಾಖಲೆಯ ವಿಳಾಸಕ್ಕೂ ಇಲ್ಲಿಯ ಆಧಾರ್ ಚೀಟಿಗೂ ಹೊಂದಿಕೆಯಿಲ್ಲ.

ವಿಳಾಸಕ್ಕಿಂತ ದೊಡ್ಡ ತೊಡಕು ಹೆಸರಿನದು. ಲಕ್ಷ್ಮಿಯೆಂಬ ಒಂದೇ ಹೆಸರು ಇಂಗ್ಲಿಷ್ ಲಿಪಿಯಲ್ಲಿ ಮೂರು ನಾಲ್ಕು ವೇಷ ತೊಡುತ್ತದೆ. ರೆಜಿಮೆಂಟಿನ ಗುಮಾಸ್ತನು ತನ್ನ ಕಿವಿಗೆ ಕೇಳಿದಂತೆ ಒಂದು ಬಗೆ ಬರೆದ. ಕನ್ನಡ ಶಾಲೆಯ ಪತ್ರದಿಂದ ಇಳಿಸಿದವರು ಇನ್ನೊಂದು ಬಗೆ. ಮಲಯಾಳದಿಂದ ಇಳಿಸಿದವರು ಮತ್ತೊಂದು ಬಗೆ. ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮೂವರು ಲಕ್ಷ್ಮಿಯರೂ ಒಬ್ಬಳೇ ಎಂದು ನಿರೂಪಿಸಲು ಆ ಮುದುಕಿ ಎಷ್ಟು ಮೆಟ್ಟಿಲು ಹತ್ತಬೇಕು! ನಮ್ಮ ಬಳಿ ಬಂದ ತಾಯಿಯೊಬ್ಬಳು ಹಲವು ವರುಷಗಳ ತೆರಿಗೆ ರಶೀದಿಗಳನ್ನು ಒಂದೂ ತಪ್ಪದಂತೆ ಗಂಡನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದಳು. ಅದೇ ಪೆಟ್ಟಿಗೆಯ ತಳದಲ್ಲಿ ಆ ತೆರಿಗೆಯನ್ನು ಉಳಿಸಬಹುದಾಗಿದ್ದ ಬಿಡುಗಡೆ ಪುಸ್ತಕವಿತ್ತು. “ಅದು ಅವರ ಪುಸ್ತಕ, ನಾನು ಮುಟ್ಟಿದ್ದಿಲ್ಲ” ಎಂದಳು.

ಭಾಷೆಯ ತೊಡಕನ್ನು ಹೇಳದೆ ಉಪಾಯವಿಲ್ಲ. ಈಗ ಅರ್ಜಿಗಳು ಹೆಚ್ಚಾಗಿ ಅಕ್ಷಯ ಕೇಂದ್ರಗಳ ಗಣಕಯಂತ್ರದ ಮೂಲಕ ಹೋಗುತ್ತವೆ. ಪರದೆಯ ಮೇಲೆ ಮೂಡುವ ಅಕ್ಷರ ಮಲಯಾಳ, ಇಲ್ಲವೆ ಇಂಗ್ಲಿಷು. ಗಡಿಯಲ್ಲಿ ಹಿಂದಿ ಕಲಿತವರು ನಮ್ಮ ಸೈನಿಕರು. ಅವರ ಮಡದಿಯರು ಬಲ್ಲುದು ಕನ್ನಡವನ್ನು, ತುಳುವನ್ನು. ಆದರೆ ಕನ್ನಡದಲ್ಲಿ ಬರೆಯುವುದು ದಯೆಯಿಂದ ದೊರೆಯಬೇಕಾದ ವಸ್ತುವಲ್ಲವೆಂಬುದನ್ನು ತಾವು ಗಮನಿಸಬೇಕು. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವನೇ ವ್ಯಕ್ತಿಯು ತನ್ನ ಕುಂದುಕೊರತೆಯ ನಿವಾರಣೆಗಾಗಿ, ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸಬಹುದು. ಕೇರಳ ಶಾಸನಸಭೆಯೇ 1969ರಲ್ಲಿ ಮಾಡಿದ ಅಧಿಕೃತ ಭಾಷಾ ಕಾನೂನಿನ 3ನೆಯ ವಿಧಿಯು, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರು ಅಲ್ಲಿಯ ಸರಕಾರೀ ಕಛೇರಿಗಳೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದೆಂದೂ, ಉತ್ತರವೂ ಕನ್ನಡದಲ್ಲೇ ಬರಬೇಕೆಂದೂ ಹೇಳಿತು. ಎರಡು ಭಾಷೆಗಳನ್ನೂ ಬಲ್ಲ ಗುಮಾಸ್ತರ ಹುದ್ದೆಗಳು ಈ ಜಿಲ್ಲೆಯಲ್ಲಿ ಇರುವುದೂ ಇದಕ್ಕಾಗಿಯೇ. ಮಲಯಾಳವನ್ನು ಕಲಿಯಬಾರದೆಂದು ನಾವು ಹೇಳುತ್ತಿಲ್ಲ. ನೆರೆಯವರ ಭಾಷೆಯನ್ನು ಬಲ್ಲವನಿಗೆ ಲಾಭವೇ ಉಂಟು. ಎಂಬತ್ತು ವರುಷದ ವಿಧವೆಯು ಅದನ್ನು ಕಲಿತು ಬಂದ ಮೇಲೆ ತೆರಿಗೆಯ ವಿನಾಯಿತಿಯೆಂದರೆ ಅದು ನ್ಯಾಯವಲ್ಲ, ಅಷ್ಟೇ.

ಹಾಗಾದರೆ ನಮ್ಮ ಸಂಘಕ್ಕೆ ಇದರಲ್ಲಿ ಏನು ಕೆಲಸ? ಶಾಲೆಯೆಂದರೆ ಬರೆಯಬಲ್ಲವರು ಕೂಡಿರುವ ಮನೆ. ಕನ್ನಡ, ಮಲಯಾಳ, ಇಂಗ್ಲಿಷು ಮೂರನ್ನೂ ಬಲ್ಲ ಅಧ್ಯಾಪಕರು ಇಲ್ಲಿದ್ದಾರೆ, ಗಣಕಯಂತ್ರವೂ ಇದೆ. ತಿಂಗಳಿಗೊಂದು ಶನಿವಾರ ಅಪರಾಹ್ನ ಎರಡು ತಾಸು ಈ ಕೊಠಡಿಯ ಬಾಗಿಲನ್ನು ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ತೆರೆದಿಡಬೇಕೆಂದು ನಾವು ಕಾರ್ಯಕಾರಿ ಸಮಿತಿಯ ಮುಂದೆ ಸೂಚನೆ ಇಟ್ಟಿದ್ದೇವೆ. ಹಣದ ಖರ್ಚು ಕಾಗದದ್ದು ಮಾತ್ರ. ಮೇಲಿನ ತರಗತಿಯ ವಿದ್ಯಾರ್ಥಿಗಳು ತಮ್ಮ ವಾರ್ಡಿನಲ್ಲಿ ಅಂಥ ಮನೆಗಳು ಎಷ್ಟೆಂದು ಕೇಳಿ ಪಟ್ಟಿ ಮಾಡಿ ತರಲಿ. ಆಸ್ಪತ್ರೆಯ ವಿಷಯದಲ್ಲಿಯೂ ಮಾಹಿತಿ ಬೇಕಾಗಿದೆ: 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸಾಲಯ ಕಾಞಂಗಾಡಿನಲ್ಲಿದೆ, ಮಂಗಳೂರಿನಲ್ಲಿಯೂ ಇದೆ, ಉಪ್ಪಳದವನಿಗೆ ಮಂಗಳೂರೇ ಹತ್ತಿರ.

ಬರುವವರು ತರಬೇಕಾದುವುಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಸೈನ್ಯದ ಬಿಡುಗಡೆ ಪುಸ್ತಕ, ಪಿಂಚಣಿಯಿದ್ದರೆ ಅದರ ಆಜ್ಞಾಪತ್ರ, ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್, ಬ್ಯಾಂಕಿನ ಪುಸ್ತಕ, ಮನೆಯ ನಂಬರು ಇರುವ ಕಡೆಯ ತೆರಿಗೆ ರಶೀದಿ. ವಿಧವೆಯರಾದರೆ ಗಂಡನ ಮರಣಪತ್ರ. ಗಂಡ ಬದುಕಿರುವಾಗಲೇ ಹೆಂಡತಿಯ ಹೆಸರು ಸೈನ್ಯದ ದಾಖಲೆಯಲ್ಲಿ ಸರಿಯಾದ ಅಕ್ಷರಗಳಲ್ಲಿ ಇದೆಯೇ ಎಂದು ನೋಡಿಸಿಕೊಳ್ಳುವುದು ಎಲ್ಲಕ್ಕಿಂತ ಮೊದಲಿನ ಕೆಲಸ. ನವೆಂಬರಿನಲ್ಲಿ ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನೂ ಇಲ್ಲಿಯೇ ಸಲ್ಲಿಸುವ ಏರ್ಪಾಡಾಗಬಹುದು. ನಡೆಯಲಾರದವರು ಮಕ್ಕಳ ಕೈಯಲ್ಲಿ ಹೇಳಿಕಳುಹಿಸಿದರೆ ನಾವೇ ಮನೆಗೆ ಬರುತ್ತೇವೆ. ಪೆಟ್ಟಿಗೆಯ ತಳದಲ್ಲಿರುವ ಕಾಗದಗಳನ್ನು ಮಾತ್ರ ಹೊರಗೆ ತೆಗೆದಿಟ್ಟಿರಬೇಕು.