ರೊಟ್ಟಿಯ ಲೆಕ್ಕ, ಉರುವಲಿನ ಲೆಕ್ಕ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಘಟ್ಟದ ಮೇಲಿನ ಊರುಗಳವರಾದ ನಿಮ್ಮ ಮುಂದೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಮಹಿಳೆಯರ ಉದ್ಯೋಗ ತರಬೇತಿಯ ವಿಷಯವನ್ನು ಏಕೆ ಎತ್ತಿಕೊಂಡೆನೆಂದು ಕೆಲವರಿಗೆ ಅನಿಸಬಹುದು. ನಮಗೂ ಅವರಿಗೂ ನಡುವೆ ಒಂದು ನದಿಯ ನಂಟಿದೆ. ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿ ಅಣೆಕಟ್ಟೆಯಲ್ಲಿ ನಿಂತು, ಎಡದಂಡೆ ಕಾಲುವೆಯ ಮೂಲಕ ಸಿಂಧನೂರಿನ ಗದ್ದೆಗಳನ್ನು ತಲುಪುತ್ತವೆ. ನಮ್ಮ ಗುಡ್ಡದ ಮಣ್ಣು ಸವೆದರೆ ಅದು ಹೋಗಿ ಕೂರುವುದೂ ಅಲ್ಲಿಯೇ. 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಆ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಕುದುರೆಮುಖದ ಗಣಿಯನ್ನು ನಿಲ್ಲಿಸಲು ನಾವು ಹೋರಾಡಿದಾಗ, 2005ರ ಕೊನೆಯಲ್ಲಿ ಅದು ನಿಂತಾಗ, ಸಿಂಧನೂರಿನ ನಾಟಿ ಕೂಲಿಯ ಹೆಣ್ಣುಮಗಳ ಹಿತವೂ ಅದರಲ್ಲಿ ಸೇರಿತ್ತು.

ಇನ್ನು ವಿಷಯಕ್ಕೆ ಬರುತ್ತೇನೆ. ನಕ್ಷೆಯಲ್ಲಿ ಈ ಮೂರು ತಾಲ್ಲೂಕುಗಳು ಅಕ್ಕಪಕ್ಕದಲ್ಲಿವೆ. ಮಸ್ಕಿಯಂತೂ ಇತ್ತೀಚಿನವರೆಗೆ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇದ್ದು, ನೆರೆಯ ತಾಲ್ಲೂಕುಗಳ ಕೆಲವು ಗ್ರಾಮಗಳನ್ನೂ ಸೇರಿಸಿಕೊಂಡು ಬೇರೆ ತಾಲ್ಲೂಕಾಯಿತು. ಆದರೆ ನೆಲದ ಗುಣ ನೋಡಿದರೆ ಇವು ಮೂರು ಬೇರೆ ಲೋಕಗಳು. ಸಿಂಧನೂರು ಕಾಲುವೆಯ ಸೀಮೆ. ಎಡದಂಡೆಯ ಯೋಜನೆ ಬಹುಪಾಲು ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು. ಬೆಳೆದದ್ದು ಮಾತ್ರ ಭತ್ತ. ಎಲ್ಲಿ ನೋಡಿದರೂ ಅಕ್ಕಿ ಗಿರಣಿ, ಹೊಟ್ಟಿನ ರಾಶಿ. ಲಿಂಗಸುಗೂರಿನಲ್ಲಿ ಎರೆಭೂಮಿಯ ಬಿಳಿಜೋಳ, ತೊಗರಿ, ಸಜ್ಜೆ. ಜೊತೆಗೆ ಹಟ್ಟಿಯ ಚಿನ್ನದ ಗಣಿ ಮತ್ತು ತಿಂಗಳ ಸಂಬಳ ಬರುವ ಅಲ್ಲಿಯ ಪೇಟೆ. ಮಸ್ಕಿಯ ಬಹುಭಾಗ ಮಳೆಯನ್ನೇ ನಂಬಿದ ಹೊಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಸೀಮೆಯದು; ನಮ್ಮಲ್ಲಿ ಆಷಾಢದ ಕೆಲವೇ ವಾರಗಳಲ್ಲಿ ಅಷ್ಟು ಸುರಿಯುತ್ತದೆ.

ಇಂಥ ಮೂರು ಸೀಮೆಗಳ ಸಂಘಗಳಿಗೆ ತರಬೇತಿ ಎಂದು ಬರುವುದು ಸಾಮಾನ್ಯವಾಗಿ ಒಂದೇ ಪಟ್ಟಿ: ಹೊಲಿಗೆ, ಊದುಬತ್ತಿ, ಮೇಣದ ಬತ್ತಿ, ಫಿನಾಯಿಲು, ಬ್ಯೂಟಿ ಪಾರ್ಲರು. ಇವನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಹೊಲಿಗೆಯಿಂದ ಸಂಸಾರ ನಡೆಸಿದ ಸಾವಿರಾರು ತಾಯಂದಿರಿದ್ದಾರೆ. ಆದರೆ ಮೇಣ ಹೊರಗಿನದು, ಬಿದಿರಿನ ಕಡ್ಡಿ ಹೊರಗಿನದು, ಪರಿಮಳದ ಎಣ್ಣೆ ಹೊರಗಿನದು, ಕೊಳ್ಳುವವನೂ ಹೊರಗಿನವನೇ ಆದರೆ ಹಳ್ಳಿಯಲ್ಲಿ ಉಳಿಯುವುದು ಹೆಣ್ಣಿನ ಬೆನ್ನುನೋವು ಮಾತ್ರ. ತರಬೇತಿಯ ಪಟ್ಟಿಯನ್ನು ಊರಿನ ಕಣದಿಂದ ಆರಂಭಿಸಬೇಕು: ಏನು ಬೆಳೆಯುತ್ತದೆ, ಏನು ವ್ಯರ್ಥವಾಗುತ್ತದೆ, ಯಾವ ತಿಂಗಳಲ್ಲಿ ಕೈ ಖಾಲಿ ಇರುತ್ತದೆ?

ಸಂಘಗಳು ಹುಟ್ಟಿದ ಬಗೆಯನ್ನು ಸ್ವಲ್ಪ ನೆನೆಯೋಣ. ಕರ್ನಾಟಕದಲ್ಲಿ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಚಿಕ್ಕ ಉಳಿತಾಯ ಗುಂಪುಗಳನ್ನು ಕಟ್ಟಿತು. ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಯೋಗವನ್ನು ದೇಶದ ಮಟ್ಟದಲ್ಲಿ ಆರಂಭಿಸಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಮುಂದೆ ರಾಷ್ಟ್ರೀಯ ಜೀವನೋಪಾಯ ಅಭಿಯಾನ ನಮ್ಮಲ್ಲಿ ‘ಸಂಜೀವಿನಿ’ಯಾಗಿ ಬಂತು. ತರಬೇತಿಯ ಕಡೆಯಿಂದ ನೋಡಿದರೆ, ಘಟ್ಟದ ಬುಡದ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳ ಮತ್ತು ಎರಡು ಬ್ಯಾಂಕುಗಳು ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿಯೇ 2009ರಿಂದ ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳು ಎದ್ದವು. ಊಟ, ವಸತಿ ಸಹಿತ ಅಲ್ಲಿ ತರಬೇತಿ ಉಚಿತ. ಕಲಿತವರನ್ನು ಅನಂತರವೂ ಎರಡು ವರ್ಷ ವಿಚಾರಿಸುವ ಕ್ರಮವಿದೆ. ಒಳ್ಳೆಯ ಕ್ರಮ. ಆದರೆ ನಾಟಿಯ ಕಾಲದಲ್ಲಿ, ಎಮ್ಮೆ ಕರು ಹಾಕಿದ ಮನೆಯಿಂದ, ಹಾಲು ಕುಡಿಯುವ ಕೂಸನ್ನು ಬಿಟ್ಟು ಹತ್ತು ದಿನ ಜಿಲ್ಲಾ ಕೇಂದ್ರಕ್ಕೆ ಹೋಗಿ ಇರಲು ಯಾರಿಗೆ ಸಾಧ್ಯ? 2023ರ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ತಪ್ಪಿತು. ಮನೆಯ ಕೆಲಸ ತಪ್ಪಲಿಲ್ಲ. ತರಬೇತಿ ಕಲಿಯುವವಳ ಊರಿಗೆ, ಅವಳ ಬಿಡುವಿನ ತಿಂಗಳಿಗೆ ಬರಬೇಕಾಗುತ್ತದೆ.

ಸಂಘ ಕಟ್ಟಿದ್ದು ಉಳಿತಾಯಕ್ಕೆ. ಹದಿನೈದು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂತು ಹಣ ಕೂಡಿಸಿದ ಮಾತ್ರಕ್ಕೆ ಹದಿನೈದೂ ಜನ ಒಟ್ಟಾಗಿ ವ್ಯಾಪಾರ ಮಾಡಬಲ್ಲರು ಎಂದು ಇಲಾಖೆಯವರು ಭಾವಿಸುವುದುಂಟು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಒಬ್ಬಳಿಗೆ ಮಾತು ಚೆನ್ನಾಗಿ ಬರುತ್ತದೆ, ಇನ್ನೊಬ್ಬಳ ಕೈ ಹದವಾಗಿರುತ್ತದೆ, ಮತ್ತೊಬ್ಬಳು ಲೆಕ್ಕದಲ್ಲಿ ಗಟ್ಟಿ. ಉಳಿದವರಿಗೆ ಕೂಲಿಯೋ ಕುರಿಯೋ ಸಾಕೆನಿಸಬಹುದು. ಮೂರು-ನಾಲ್ಕು ಜನ ಸೇರಿ ಉದ್ಯೋಗ ಮಾಡಲಿ, ಸಂಘ ಅವರಿಗೆ ಸಾಲ ಕೊಟ್ಟು ವಾರಕ್ಕೊಮ್ಮೆ ಲೆಕ್ಕ ಕೇಳಲಿ. ಸಾಲ ಕೊಡುವವರು ಮತ್ತು ವ್ಯಾಪಾರ ಮಾಡುವವರು ಒಬ್ಬರೇ ಆದರೆ ನಷ್ಟವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈಗ ರೊಟ್ಟಿಯ ಲೆಕ್ಕ. ಲಿಂಗಸುಗೂರು ಸೀಮೆಯಲ್ಲಿ ಕಟಕ್ ರೊಟ್ಟಿ ಮಾಡಲು ಯಾರಿಗೂ ಕಲಿಸಬೇಕಾಗಿಲ್ಲ. ಆ ವಿದ್ಯೆ ಅವ್ವನಿಂದ ಬಂದದ್ದು. ಕಲಿಸಬೇಕಾದದ್ದು ಬೆಲೆ ಕಟ್ಟುವುದನ್ನು. ಉದಾಹರಣೆಗಾಗಿ ಅಂಕಿಗಳನ್ನು ಹಿಡಿಯೋಣ. ಒಂದು ಕಿಲೋ ಜೋಳಕ್ಕೆ 50 ರೂಪಾಯಿ, ಬೀಸಿದ್ದಕ್ಕೆ 5, ಉರುವಲಿಗೆ 15, ಒಟ್ಟು 70. ಇಪ್ಪತ್ತು ರೊಟ್ಟಿ ಆಯಿತು, ಒಂದಕ್ಕೆ 6 ರೂಪಾಯಿಯಂತೆ 120 ಬಂತು. ‘ಐವತ್ತು ರೂಪಾಯಿ ಉಳೀತು’ ಎಂದು ಆಕೆ ಸಂತೋಷಪಡುತ್ತಾಳೆ. ಆದರೆ ಎರಡು ರೊಟ್ಟಿ ಮುರಿದವು, ಕೈಗೆ ಬಂದದ್ದು 108. ಚೀಲಕ್ಕೆ 8 ರೂಪಾಯಿ ಹೋಯಿತು. ಉಳಿದದ್ದು 30. ಒಲೆಯ ಮುಂದೆ ಕೂತದ್ದು ಒಂದೂವರೆ ತಾಸು. ಎಂದರೆ ತಾಸಿಗೆ 20 ರೂಪಾಯಿ. ಎಂಟು ತಾಸು ದುಡಿದರೂ 160. 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿಯೇ ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ಬೆಂಕಿಯ ಮುಂದೆ ಕೂತು ಅದರ ಅರ್ಧವನ್ನೂ ಗಳಿಸದ ಕೆಲಸವನ್ನು ಉದ್ಯಮವೆನ್ನುವುದು ಹೇಗೆ? ಈ ಲೆಕ್ಕವನ್ನು ಮೊದಲ ದಿನವೇ ಹಲಗೆಯ ಮೇಲೆ ಬರೆಯದ ತರಬೇತಿ ಅಪೂರ್ಣ.

ಲೆಕ್ಕ ತಿಳಿದ ಮೇಲೆ ದಾರಿಗಳು ಕಾಣುತ್ತವೆ. ಹಟ್ಟಿಯ ಖಾನಾವಳಿಗಳೊಂದಿಗೆ ದಿನಕ್ಕೆ ಇಷ್ಟು ಎಂದು ಮಾತಾಡಿಕೊಂಡರೆ ಮುರಿಯುವುದೂ ಚೀಲದ ಖರ್ಚೂ ಕಡಿಮೆ. ರೊಟ್ಟಿಯ ಜೊತೆ ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿ ಕೊಟ್ಟರೆ ಉಳಿತಾಯ ಹೆಚ್ಚು; ಪುಡಿ ಬೆಂಕಿಯನ್ನೂ ಅಷ್ಟು ಬೇಡುವುದಿಲ್ಲ. ಕಲಬುರಗಿಯಲ್ಲಿ ಮಹಿಳಾ ಸಂಘಗಳ ರೊಟ್ಟಿಗೆ ಜಿಲ್ಲೆಯ ಹೆಸರನ್ನೇ ಇಟ್ಟು ಮಾರುವ ಏರ್ಪಾಟು ಆಗಿದೆ; ಒಬ್ಬೊಬ್ಬರೇ ಪೇಟೆ ಹುಡುಕುವ ಕಷ್ಟ ಅದರಿಂದ ಕಡಿಮೆಯಾಗುತ್ತದೆ. ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಆದ್ದರಿಂದ ಹಿಟ್ಟನ್ನು ದೂರ ಕಳಿಸುವುದಕ್ಕಿಂತ ಎಳ್ಳು ಹಚ್ಚಿದ ಒಣರೊಟ್ಟಿಯಾಗಿ ಕಳಿಸುವುದು ಮೇಲು.

ಸಿಂಧನೂರಿನ ಮಾತೇ ಬೇರೆ. ಅಲ್ಲಿ ಕಟಾವು ಯಂತ್ರ ಹೋದ ಮೇಲೆ ಗದ್ದೆಯಲ್ಲಿ ಉಳಿಯುವ ಹುಲ್ಲಿಗೆ ಎಷ್ಟೋ ಕಡೆ ಬೆಂಕಿ ಬೀಳುತ್ತದೆ. ಆ ಹುಲ್ಲಿನ ಮೇಲೆ ಅಣಬೆ ಬೆಳೆಯಬಹುದು. ಚಿಪ್ಪು ಅಣಬೆಗೆ 20ರಿಂದ 30 ಡಿಗ್ರಿ ಉಷ್ಣತೆ ಬೇಕು. ರಾಯಚೂರಿನ ಬೇಸಿಗೆ 40 ದಾಟುತ್ತದೆ. ಹಾಗಾಗಿ ಚಳಿಗಾಲಕ್ಕೆ ಚಿಪ್ಪು ಅಣಬೆ, ಸೆಕೆಯ ತಿಂಗಳುಗಳಿಗೆ ಶಾಖ ತಡೆಯುವ ಹಾಲು ಅಣಬೆ ಎಂದು ಹಂಚಿಕೊಳ್ಳಬೇಕು, ನೆರಳು ಮತ್ತು ತೇವದ ಕೋಣೆ ಬೇಕು. ಹುಲ್ಲನ್ನು ಬಿಸಿನೀರಿನಲ್ಲಿ ಹದಮಾಡಲು ಗಿರಣಿಯ ಹೊಟ್ಟಿನ ಒಲೆ ಸಾಕು. ಕೊಯ್ದ ಅಣಬೆ ಒಂದೆರಡು ದಿನದಲ್ಲಿ ಕೆಡುವುದರಿಂದ ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕೀಟನಾಶಕ ಹೆಚ್ಚು ಸುರಿದ ಗದ್ದೆಯ ಹುಲ್ಲು ಬೇಡವೆಂಬುದನ್ನೂ ತರಬೇತಿಯಲ್ಲಿಯೇ ಹೇಳಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಹತ್ತಿರದಲ್ಲಿಯೇ ಇದೆ, ಬಳಸಿಕೊಳ್ಳಬೇಕು.

ಅಲ್ಲಿ ಇದರ ಅಗತ್ಯ ಎಷ್ಟೆಂಬುದು ಈಚೆಗೆ ಚೆನ್ನಾಗಿ ಕಂಡಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋಯಿತು. 2025-26ರಲ್ಲಿ ಗೇಟುಗಳನ್ನು ಬದಲಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ನಾಟಿಯಿಲ್ಲದಿದ್ದರೆ ನಾಟಿಯ ಕೂಲಿಯಿಲ್ಲ. ಜಮೀನುಳ್ಳವನ ನಷ್ಟ ಪತ್ರಿಕೆಯಲ್ಲಿ ಬರುತ್ತದೆ, ಅವಳ ನಷ್ಟ ಬರುವುದಿಲ್ಲ. ಇಂಥ ತಿಂಗಳುಗಳಲ್ಲಿಯೇ ಕಿರುಸಾಲದವನು ಬಾಗಿಲಿಗೆ ಬರುವುದು. ವಸೂಲಿಯ ಕಾಟ ತಾಳಲಾರದೆ ಊರು ಬಿಟ್ಟವರ ಸುದ್ದಿಗಳು ರಾಜ್ಯದ ಹಲವೆಡೆಯಿಂದ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಪೇಟೆ ಗೊತ್ತಾಗುವ ಮೊದಲು ಯಂತ್ರಕ್ಕೆ ಸಾಲ ಕೊಡಿಸುವ ತರಬೇತಿ ಹೆಣ್ಣುಮಗಳನ್ನು ಅದೇ ಬಾಗಿಲಿಗೆ ಒಯ್ದು ನಿಲ್ಲಿಸುತ್ತದೆ. ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆ 2020ರಲ್ಲಿ ಬಂದಾಗ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಮೂಲಧನದ ಅವಕಾಶ ಇಡಲಾಯಿತು. ಅಂಥ ಹಣ ಮೊದಲು ಬರಲಿ. ಬ್ಯಾಂಕಿನ ಸಾಲ ಒಂದು ಹಂಗಾಮಿನ ಮಾರಾಟ ನೋಡಿಕೊಂಡು ಬರಲಿ.

ಮಸ್ಕಿಯಲ್ಲಿ ನವಣೆ, ಸಜ್ಜೆಗಳ ಸಂಸ್ಕರಣೆಗೆ ಎಡೆಯಿದೆ. ಇದಕ್ಕೆ ಕಣ್ಣೆದುರಿನ ಉದಾಹರಣೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ. 2018ರಲ್ಲಿ ಹುಟ್ಟಿದ ಈ ಸಂಘ ಮೊದಲು ಸಿರಿಧಾನ್ಯಗಳ ಬೀಜ ಬ್ಯಾಂಕು ಕಟ್ಟಿತು, ರೈತರಿಗೆ ಬೀಜ ಹಂಚಿತು, ಆಮೇಲೆ ಸೌರವಿದ್ಯುತ್ತಿನಿಂದ ನಡೆಯುವ ಸಂಸ್ಕರಣಾ ಘಟಕಕ್ಕೆ ಬಂತು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅದಕ್ಕೆ ಸಂದಿತು. ಕ್ರಮವನ್ನು ಗಮನಿಸಿ: ಬೀಜ, ಬೆಳೆ, ಅನಂತರ ಯಂತ್ರ. ಮಸ್ಕಿಯೆಂದಾಗ ಇನ್ನೊಂದು ನೆನಪಾಗುತ್ತದೆ. 1915ರಲ್ಲಿ ಅಲ್ಲಿ ದೊರೆತ ಅಶೋಕನ ಶಾಸನವನ್ನು ವಿದ್ಯಾರ್ಥಿಗಳು ಅವನ ಹೆಸರಿಗಾಗಿ ಓದಿರುತ್ತೀರಿ. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುವುದೆಂಬುದು ಆ ಬಂಡೆಯ ತಿರುಳು. ಅದರ ಆಸುಪಾಸಿನ ಹೆಣ್ಣುಮಕ್ಕಳಿಗೆ ಆ ಫಲ ಇನ್ನೂ ಪೂರ್ತಿ ಸಿಕ್ಕಿಲ್ಲ.

ಕೊನೆಗೆ ಉರುವಲು, ಇದು ನಮ್ಮ ಮನೆಯ ಮಾತೂ ಹೌದು. ಬಯಲಿನಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಬಳ್ಳಾರಿ ಜಾಲಿ ಇವೆ, ಒಣಗಿಸಲು ಬಿಸಿಲಿದೆ. ನಮ್ಮಲ್ಲಿ ಹಣ್ಣಾಗುವುದು ಮಳೆಗಾಲದಲ್ಲಿ, ಒಣಗಿಸುವುದು ಕಾಡಿನ ಕಟ್ಟಿಗೆಯಲ್ಲಿ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಕ್ಕೆಂದು ಉಪ್ಪಾಗೆ ಸಿಪ್ಪೆಗೆ ಒಮ್ಮೆಲೇ ಬೆಲೆ ಬಂದಾಗ ಏನಾಯಿತೆಂಬುದನ್ನು ಇಲ್ಲಿಯ ಹಿರಿಯರು ಕಂಡಿದ್ದಾರೆ: ಬಲಿಯದ ಕಾಯಿ ಕಿತ್ತರು, ಕೊಂಬೆ ಕಡಿದರು, ಒಣಗಿಸಲು ಅದೇ ಕಾಡಿನ ಮರ ಉರಿಸಿದರು. ಕಟ್ಟಿಗೆ ಕಡಿಮೆ ಬಳಸುವ ಒಣಗಿಸುವ ಒಲೆಗಳು ಉತ್ತರ ಕನ್ನಡದಲ್ಲಿ ಬಂದವಾದರೂ ಬೆಲೆಯ ಓಟಕ್ಕೆ ಅವು ಸಮನಾಗಲಿಲ್ಲ. ಈಗ ಅಪ್ಪೆಮಿಡಿ, ಹಲಸಿನ ಹಪ್ಪಳ, ಮುರುಗಲು ಎಂದು ನಮ್ಮ ಸಂಘಗಳೂ ತರಬೇತಿ ಪಡೆಯುತ್ತಿವೆ. ಹೊಳೆದಂಡೆಯ ಅಪ್ಪೆ ಮರಗಳು ಎಷ್ಟು ಉಳಿದಿವೆಯೆಂದು ಎಣಿಸಿದ ಮೇಲೆ ಉಪ್ಪಿನಕಾಯಿಯ ಜಾಡಿಗಳ ಸಂಖ್ಯೆ ನಿಗದಿಯಾಗಲಿ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ವಹಿಸುತ್ತೇನೆ. ನಿಮ್ಮ ಊರಿನಲ್ಲಿ ಏನನ್ನಾದರೂ ಬೇಯಿಸಿ, ಒಣಗಿಸಿ ಮಾರುವ ಪ್ರತಿಯೊಂದು ಸಂಘಕ್ಕೂ ಈ ರಜೆಯಲ್ಲಿ ಹೋಗಿ. ಒಂದು ಪುಟದಲ್ಲಿ ರೊಟ್ಟಿಯ ಲೆಕ್ಕದಂತೆ ಅವರ ಲೆಕ್ಕವನ್ನು, ದುಡಿಮೆಯ ತಾಸುಗಳ ಸಹಿತ ಬರೆಯಿರಿ. ಎದುರಿನ ಪುಟದಲ್ಲಿ ಯಾವ ಮರ, ಎಷ್ಟು ಹೊರೆ ಕಟ್ಟಿಗೆ, ಎಲ್ಲಿಂದ ತಂದದ್ದು ಎಂದು ಬರೆಯಿರಿ. ಸಂಘದ ತಾಯಂದಿರು ಸಂಕೋಚಪಡದೆ ಹೇಳಬೇಕು. ಆ ಪುಸ್ತಕಗಳನ್ನು ಮುಂದಿನ ಸಭೆಗೆ ತನ್ನಿ. ಯಾವ ತರಬೇತಿ ಕೇಳಬೇಕೆಂಬ ಅರ್ಜಿಯನ್ನು ಅವನ್ನು ಎದುರಿಗಿಟ್ಟುಕೊಂಡೇ ಬರೆಯೋಣ.