ಸ್ವಭಾವಭೇದ ಮತ್ತು ವ್ಯವಹಾರಧರ್ಮ

(ಮಧ್ವನವಮಿಯ ಅಂಗವಾಗಿ ಶ್ರೀಮಠದ ಶಾಖೆಯಲ್ಲಿ ನಡೆದ ಉಪನ್ಯಾಸದ ಲಿಖಿತ ರೂಪ)

॥ ಶ್ರೀ ಗುರುಭ್ಯೋ ನಮಃ, ಹರಿಃ ಓಂ ॥



ಶ್ರೀಮದಾಚಾರ್ಯರು ಸಾರಿದ ಪಂಚಭೇದಗಳಲ್ಲಿ ಜೀವ-ಜೀವರೊಳಗಿನ ಭೇದವೂ ಒಂದು. ಒಬ್ಬನಂತೆ ಮತ್ತೊಬ್ಬನಿಲ್ಲ. ಪ್ರವಚನದಲ್ಲಿ ಇದನ್ನು ಕೇಳಿ ತಲೆದೂಗುವ ಗೃಹಸ್ಥನೇ ಮನೆಗೆ ಹೋದೊಡನೆ, "ಪಕ್ಕದ ಮನೆಯ ಹುಡುಗನಂತೆ ನೀನೇಕಾಗಲಿಲ್ಲ?" ಎಂದು ಮಗನನ್ನು ಗದರಿಸುವುದುಂಟು, ಅಂಗಡಿಯಲ್ಲಿ ಕುಳಿತಾಗ, ತನ್ನಂತೆ ಯೋಚಿಸದ ತಮ್ಮನನ್ನು ದಡ್ಡನೆಂದು ಹಳಿಯುವುದುಂಟು. ಲೌಕಿಕ ಬುದ್ಧಿಯ ಒಲವನ್ನೇ ಜೀವನ ಸ್ವರೂಪಯೋಗ್ಯತೆ ಎಂದು ಭಾವಿಸಬಾರದು, ನಿಜ. ಅದನ್ನು ಪೂರ್ಣವಾಗಿ ಬಲ್ಲವನು ಭಗವಂತನೊಬ್ಬನೇ. ಆದರೂ ಸಿದ್ಧಾಂತದಲ್ಲಿ ಒಪ್ಪಿದ ಭೇದವನ್ನು ದಿನನಿತ್ಯದ ವ್ಯವಹಾರದಲ್ಲಿ ಗೌರವಿಸದಿದ್ದರೆ ಆಗುವ ಹಾನಿಯನ್ನು ವಿಚಾರಿಸುವುದು ಉಚಿತ.

ಯಾವುದೇ ಉದ್ಯಮದಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಚಿಂತನಕ್ರಮಗಳು ಕಂಡುಬರುತ್ತವೆ. ಮೊದಲನೆಯವನ ದೃಷ್ಟಿ ಅವಕಾಶದ ಮೇಲೆ. ಖಾಲಿ ನಿವೇಶನವನ್ನು ಕಂಡರೂ ಅವನಿಗೆ ಅಲ್ಲಿ ಮಳಿಗೆ ಕಾಣುತ್ತದೆ. ಎರಡನೆಯವನ ದೃಷ್ಟಿ ದೋಷದ ಮೇಲೆ. ಸೋರುವ ನಲ್ಲಿ, ಕೂಡದ ಲೆಕ್ಕ, ಮುಗಿದ ಪರವಾನಗಿ ಅವನ ಕಣ್ಣನ್ನು ತಪ್ಪಿಸಲಾರವು. ಮೂರನೆಯವನು ವ್ಯವಸ್ಥೆಯನ್ನು ಕಟ್ಟುವವನು. ಯಾವ ಕೆಲಸದ ಬಳಿಕ ಯಾವುದು, ಯಾರಿಂದ, ಎಷ್ಟು ಹೊತ್ತಿಗೆ ಎಂಬುದು ಅವನ ಚಿಂತೆ. ನಾಲ್ಕನೆಯವನು ಮನುಷ್ಯರನ್ನು ನೋಡುವವನು. ಕೆಲಸದ ಹುಡುಗನ ಮುಖ ಬಾಡಿರುವುದು ಮೊದಲು ತಿಳಿಯುವುದು ಅವನಿಗೇ. ಮೊದಲನೆಯವನಿಗೆ ಮಾರಾಟ ಮತ್ತು ವಿಸ್ತರಣೆ, ಎರಡನೆಯವನಿಗೆ ಲೆಕ್ಕತಪಾಸಣೆ ಮತ್ತು ಗುಣಮಟ್ಟ, ಮೂರನೆಯವನಿಗೆ ಉತ್ಪಾದನೆ ಮತ್ತು ಉಗ್ರಾಣ, ನಾಲ್ಕನೆಯವನಿಗೆ ಸಿಬ್ಬಂದಿ ಮತ್ತು ಗ್ರಾಹಕರ ಹೊಣೆ ಒಪ್ಪುತ್ತದೆ. ಸ್ಥಾನಪಲ್ಲಟವಾದರೆ ಗುಣವೇ ದೋಷವಾಗಿ ತೋರುತ್ತದೆ.

ಇದಕ್ಕೆ ಶ್ರೀಕೃಷ್ಣನ ಉಡುಪಿಯಲ್ಲೇ ಒಂದು ನಿದರ್ಶನವಿದೆ. 1925ರಲ್ಲಿ ಅಲ್ಲಿ 'ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್' ಎಂಬ ಸಂಸ್ಥೆ 8,000 ರೂಪಾಯಿಗಳ ಬಂಡವಾಳದಿಂದ ಆರಂಭವಾಯಿತು. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶದಾದ್ಯಂತ ಪ್ರಸಿದ್ಧವಾಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ನೇಕಾರರಿಗೆ ನೆರವಾಗುವುದು ಅದರ ಮೊದಲ ಉದ್ದೇಶಗಳಲ್ಲೊಂದು. ಸ್ಥಾಪಕರು ಮೂವರು. ಉಪೇಂದ್ರ ಅನಂತ ಪೈಗಳು ವ್ಯಾಪಾರಿ, ವಾಮನ ಶ್ರೀನಿವಾಸ ಕುಡ್ವರು ಇಂಜಿನಿಯರ್, ಡಾ. ಟಿ.ಎಂ.ಎ. ಪೈಗಳು ವೈದ್ಯರು. ವ್ಯಾಪಾರಿಯಾದವನಿಗೆ ಹಣದ ಹರಿವು ತಿಳಿದಿರುತ್ತದೆ. ಇಂಜಿನಿಯರನಿಗೆ ಭಾರ ಹೊರುವ ಶಕ್ತಿಯ ಅಳತೆ ತಿಳಿದಿರುತ್ತದೆ. ವೈದ್ಯನಿಗೆ ರೋಗಿಯ ಮನೆಯ ಬಡತನ ತಿಳಿದಿರುತ್ತದೆ. ಮೂರು ವೃತ್ತಿಗಳ ಮೂರು ದೃಷ್ಟಿಗಳು ಒಂದೇ ಮೇಜಿನ ಸುತ್ತ ಕುಳಿತವು.

ಆ ಸಂಸ್ಥೆ 1928ರಲ್ಲಿ 'ಪಿಗ್ಮಿ' ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಏಜೆಂಟನು ಮನೆಬಾಗಿಲಿಗೇ ಬಂದು ಸಂಗ್ರಹಿಸುವ ಯೋಜನೆ ಇದು. ದಿನವೂ ಎರಡಾಣೆಯಂತೆ ಮೂವತ್ತು ದಿನ ಕೂಡಿಟ್ಟರೆ ಮೂರು ರೂಪಾಯಿ ಹನ್ನೆರಡಾಣೆ. ಮನೆಮನೆಗೆ ನಡೆದು ಗೃಹಿಣಿಯ ವಿಶ್ವಾಸ ಗಳಿಸುವ ಏಜೆಂಟನ ಬುದ್ಧಿ ಒಂದು ಬಗೆಯದು. ಸಂಜೆ ಆ ಚಿಲ್ಲರೆಯನ್ನೆಲ್ಲ ಒಂದಾಣೆಯೂ ತಪ್ಪದಂತೆ ಖಾತೆಗೆ ಏರಿಸುವ ಗುಮಾಸ್ತನ ಬುದ್ಧಿ ಇನ್ನೊಂದು ಬಗೆಯದು. ಮಾತುಗಾರನಲ್ಲದ ಗುಮಾಸ್ತನು ಬೀದಿಗಿಳಿದರೆ ಠೇವಣಿ ಬಾರದು. ಲೆಕ್ಕದಲ್ಲಿ ಒಲವಿಲ್ಲದ ಏಜೆಂಟನು ಖಾತೆ ಬರೆದರೆ ಬಂದ ಠೇವಣಿ ನಿಲ್ಲದು. ಇವರಲ್ಲಿ ಯಾರು ಮೇಲು ಎಂಬ ಪ್ರಶ್ನೆಯೇ ಅಸಂಗತ.

ರೈಲ್ವೆಯಲ್ಲಿಯೂ ಇದೇ ತತ್ತ್ವ ಕಾಣುತ್ತದೆ. ಗಾಡಿಗಳು ವೇಳೆಗೆ ಸರಿಯಾಗಿ ಸಾಗಬೇಕೆಂಬುದು ಸೆಕ್ಷನ್ ಕಂಟ್ರೋಲರನ ಚಿಂತನೆ. ಹಳಿಯನ್ನು ಕಾಯುವ ಇಂಜಿನಿಯರನ ಚಿಂತನೆ ತದ್ವಿರುದ್ಧ: ಎಲ್ಲಿ ಬಿರುಕು, ಎಲ್ಲಿ ಕುಸಿತ, ಎಲ್ಲಿ ವೇಗ ತಗ್ಗಿಸಬೇಕು? ದುರಸ್ತಿಗಾಗಿ ಈತ ಎರಡು ಗಂಟೆ ಮಾರ್ಗ ಮುಚ್ಚಬೇಕೆನ್ನುತ್ತಾನೆ. ಆತ ಅರ್ಧ ಗಂಟೆಗೂ ಹಿಂಜರಿಯುತ್ತಾನೆ. ಇಬ್ಬರೂ ಕರ್ತವ್ಯವನ್ನೇ ಮಾಡುತ್ತಿದ್ದಾರೆ. ಕೇವಲ ಆತನ ಮಾತು ನಡೆದರೆ ಅಪಘಾತ; ಕೇವಲ ಈತನ ಮಾತು ನಡೆದರೆ ಗಾಡಿಯೇ ಹೊರಡದು. ಆದ್ದರಿಂದಲೇ ನಿಲ್ದಾಣದಲ್ಲಿ 'ಇಂಟರ್‌ಲಾಕಿಂಗ್' ಎಂಬ ವ್ಯವಸ್ಥೆಯಿದೆ. ಹಳಿಯ ಪಾಯಿಂಟು ಸರಿಯಾಗಿ ಕೂಡಿ ಭದ್ರವಾಗುವವರೆಗೆ ಹೊರಡುವ ಸಿಗ್ನಲ್ ಬೀಳುವುದೇ ಇಲ್ಲ. ಎಷ್ಟೇ ಅವಸರವಿದ್ದರೂ ಒಂದು ಸನ್ನೆ ಇನ್ನೊಂದನ್ನು ತಡೆದು ಹಿಡಿದಿರುತ್ತದೆ. ಅದು ಅವಿಶ್ವಾಸವಲ್ಲ, ರಕ್ಷಣೆ.

ಈ ಪಾಠವನ್ನು ಮುಂಬಯಿಯ ಉಪನಗರದ ಇಬ್ಬರು ಸಹೋದರರು ಕಷ್ಟಪಟ್ಟು ಕಲಿತರು. ಅವರದು ಅಡುಗೆಯ ಕೇಟರಿಂಗ್. ಅಣ್ಣ ಧೈರ್ಯಶಾಲಿ, ಮಾತುಬಲ್ಲವನು. ತಮ್ಮ ಮಿತಭಾಷಿ, ಪಾತ್ರೆ-ಪಡಗಗಳ ಲೆಕ್ಕವನ್ನು ಬೆರಳ ತುದಿಯಲ್ಲಿಟ್ಟವನು. ಒಂದು ಮುಹೂರ್ತದ ದಿನ ಅಣ್ಣ ಎರಡು ಮದುವೆಗಳಿಗೆ ಮುಂಗಡ ಪಡೆದನು. "ಅಣ್ಣಾ, ನಮ್ಮ ಪಾತ್ರೆಗೂ ಆಳುಗಳಿಗೂ 500 ಎಲೆ ಮಿತಿ, ಎರಡೂ ಸೇರಿದರೆ 900 ಆಗುತ್ತದೆ," ಎಂದು ತಮ್ಮ ಎಚ್ಚರಿಸಿದನು. "ನಿನಗೆ ಯಾವಾಗಲೂ ಹೆದರಿಕೆ," ಎಂದು ಅಣ್ಣ ನಕ್ಕನು. ಆ ದಿನ ಎರಡನೆಯ ಸಭಾಂಗಣದಲ್ಲಿ ಕೊನೆಯ ಪಂಕ್ತಿಗೆ ಸಾರು-ಹುಳಿ ಮುಗಿದುಹೋಗಿ, ಹೆಣ್ಣಿನ ತಂದೆ ಬೀಗರ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಯಿತು. ಸಹೋದರರು ಮಾತು ಬಿಟ್ಟರು. ಪಾಲಿನ ಮಾತೂ ಬಂದಿತು.

ಅವರನ್ನು ಉಳಿಸಿದ್ದು ತಾಯಿಯ ಒಂದು ಪ್ರಶ್ನೆ: "ಇವನಿಲ್ಲದೆ ನೀನು ಎಷ್ಟು ದಿನ ಮಾನ ಉಳಿಸಿಕೊಳ್ಳುತ್ತೀಯೆ? ಅವನಿಲ್ಲದೆ ನಿನ್ನಲ್ಲಿಗೆ ಯಾರು ಬರುತ್ತಾರೆ?" ಅಂದಿನಿಂದ ಅವರಲ್ಲಿ ಒಂದೇ ನಿಯಮ. ಗಿರಾಕಿಯನ್ನು ತರುವವನು ಅಣ್ಣ. ಎಲೆಯ ಲೆಕ್ಕಕ್ಕೆ ತಮ್ಮ ಸಹಿ ಹಾಕುವವರೆಗೆ ಮುಂಗಡ ಪಡೆಯುವಂತಿಲ್ಲ. ಅಂತೆಯೇ, ಬೇಡವೆನ್ನುವಾಗ ತಮ್ಮನೂ ಕಾರಣವನ್ನು ಅಂಕಿಗಳಲ್ಲಿ ಬರೆದು ಕೊಡಬೇಕು. ಬರಿಯ ಅಂಜಿಕೆ ಸಲ್ಲದು. ಅಣ್ಣನ ಉತ್ಸಾಹ ಕುಗ್ಗಲಿಲ್ಲ, ತಮ್ಮನ ಎಚ್ಚರವೂ ಸಡಿಲಲಿಲ್ಲ, ಮನೆ ಒಡೆಯಲಿಲ್ಲ.

ತಂದೆತಾಯಿಗಳು ಗಮನಿಸಬೇಕಾದುದು ಇದನ್ನೇ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವ ಮಗಳು ಉದ್ಧಟಳಲ್ಲ. ಅವಳು ಉತ್ತಮ ಲೆಕ್ಕಪರಿಶೋಧಕಳಾಗಬಹುದು. ಎಲ್ಲರೊಡನೆ ಹರಟುವ ಮಗ ಸೋಮಾರಿಯಲ್ಲ. ನೂರು ಜನರನ್ನು ಒಟ್ಟಾಗಿ ದುಡಿಸುವ ಶಕ್ತಿ ಅವನಲ್ಲಿರಬಹುದು. ಯುವಕರಿಗೂ ಒಂದು ಮಾತು: ಸ್ವಭಾವವೆಂಬುದು ಆಲಸ್ಯಕ್ಕೆ ನೆಪವಲ್ಲ. "ನನಗೆ ಲೆಕ್ಕ ಬಾರದು" ಎನ್ನುವವನು ಲೆಕ್ಕ ಬಲ್ಲವನ ಮಾತನ್ನು ಕೇಳುವ ವಿನಯವನ್ನಾದರೂ ಕಲಿಯಲೇಬೇಕು.

ತನ್ನ ತನ್ನ ಕರ್ಮದಿಂದಲೇ ಭಗವಂತನನ್ನು ಅರ್ಚಿಸಿ ಮನುಷ್ಯನು ಸಿದ್ಧಿಯನ್ನು ಪಡೆಯುತ್ತಾನೆಂಬುದು ಗೀತೆಯ ಹದಿನೆಂಟನೆಯ ಅಧ್ಯಾಯದ ಉಪದೇಶ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನೂ ಉಗ್ರಾಣದ ಬೀಗದ ಕೈ ಹಿಡಿದವನೂ ತಮ್ಮ ಕಾರ್ಯವನ್ನು ಹರಿಪ್ರೀತ್ಯರ್ಥವೆಂದು ಮಾಡಿದರೆ ಎರಡೂ ಪೂಜೆಯೇ. ಭೇದವನ್ನು ಸತ್ಯವೆಂದು ನಂಬುವವರ ಮನೆಗಳಲ್ಲಿ ಆ ಭೇದವು ಕಲಹಕ್ಕೆ ಕಾರಣವಾಗದೆ ಪರಸ್ಪರ ಆಶ್ರಯಕ್ಕೆ ಕಾರಣವಾಗಲಿ ಎಂಬುದೇ ಹರಿವಾಯುಗುರುಗಳಲ್ಲಿ ಪ್ರಾರ್ಥನೆ.

॥ ಶ್ರೀಕೃಷ್ಣಾರ್ಪಣಮಸ್ತು ॥