ಆದೇಶ ಮರಳಿತು, ನಂಬಿಕೆ?

ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗೆ ಹಬ್ಬಿದ ಕಪ್ಪತಗುಡ್ಡ ಔಷಧಿ ಸಸ್ಯಗಳ ತವರು. ಅದರ ಒಡಲಲ್ಲಿ ಚಿನ್ನದ ಅದಿರೂ ಇದೆ. 2015ರಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಮರುವರ್ಷವೇ ಆದೇಶ ಹಿಂಪಡೆಯಿತು. ಗಣಿಗಾರಿಕೆಗೆ ದಾರಿಯೆಂಬ ಗುಮಾನಿ ಎದ್ದಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರೊಂದಿಗೆ ಜನ ಬೀದಿಗಿಳಿದರು. 2017ರಲ್ಲಿ ಸಂರಕ್ಷಿತ ಪ್ರದೇಶದ ಸ್ಥಾನ ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು.

ಗುಡ್ಡವೇನೋ ಉಳಿಯಿತು. ಆದರೆ ಒಮ್ಮೆ ಮಾತು ತಪ್ಪಿದವರ ಒಳ್ಳೆಯ ಆದೇಶವನ್ನೂ ಜನ ಅನುಮಾನದಿಂದಲೇ ಓದುತ್ತಾರೆ. ನಿರ್ಧಾರ ಬದಲಿಸಲೇಬೇಕಾದರೆ, ಸಹಿ ಬೀಳುವ ಮುನ್ನ ಗ್ರಾಮಸಭೆಯಲ್ಲಿ ಕಾರಣ ಹೇಳಲಿ. ನಾವೂ ಅಷ್ಟೇ, ಗ್ರಾಮಸಭೆ ತಪ್ಪಿಸಿ ಕಟ್ಟೆಯ ಮೇಲೆ ಕೂತು ಬೈದರೆ ಸಾಲದು. ಪ್ರಶ್ನೆ ಕೇಳುವ ಜನ, ಮುಖ ಕೊಟ್ಟು ಉತ್ತರಿಸುವ ಸರ್ಕಾರ ಇದ್ದಲ್ಲಿ ಮಾತ್ರ ವಿಶ್ವಾಸ ಬೆಳೆಯುತ್ತದೆ.